ಚಳಿ ತಡೆಯುವ ಲೆಕ್ಕ ನಮ್ಮ ಕೌದಿಯಲ್ಲೇ ಇದೆ

ದೂರದ ಊರಿನಲ್ಲಿ ಮಗಳಿಗೆ ಸೀಟು ಸಿಕ್ಕಿದೆ ಅಂದ ಕೂಡಲೇ ನಮ್ಮ ಕಡೆ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಫೀಸಿನದಲ್ಲ, ಊಟದ್ದೂ ಅಲ್ಲ. ‘ಅಲ್ಲಿ ಥಂಡಿ ಭಾಳ ಅಂತಲ್ಲ, ಹೆಂಗ ತಡೀತಾಳ?’ ಅನ್ನುವುದು. ಮಗನಿಗೆ ಸೀಟು ಸಿಕ್ಕರೆ ಈ ಪ್ರಶ್ನೆ ಇಷ್ಟು ಜೋರಾಗಿ ಬರುವುದಿಲ್ಲ. ಅವನಿಗೆ ಒಂದು ಜರ್ಕಿನ್ ಕೊಡಿಸಿ ರೈಲು ಹತ್ತಿಸುತ್ತಾರೆ. ಹುಡುಗಿಯ ವಿಷಯದಲ್ಲಿ ಮಾತ್ರ ಚಳಿ ದೊಡ್ಡ ಕಾರಣವಾಗಿ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ನಮ್ಮ ಓಣಿಯಲ್ಲೇ ಒಬ್ಬಳು ಇದೇ ಕಾರಣಕ್ಕೆ ಉತ್ತರದ ಸೀಟು ಬಿಟ್ಟಳು. ಈಗ ಮದುವೆಯಾಗಿ ಗಂಡನ ಮನೆಯಲ್ಲಿದ್ದಾಳೆ.

ಅದಕ್ಕೇ ಚಳಿಯ ಬಟ್ಟೆಯ ಬಗ್ಗೆ ವಿವರವಾಗಿ ಬರೆಯಬೇಕು ಅನ್ನಿಸಿತು. ಎಷ್ಟು ಖರ್ಚು, ಏನು ಕೊಳ್ಳಬೇಕು, ಎಲ್ಲಿ ಕೊಳ್ಳಬೇಕು, ಯಾಕೆ ಅನ್ನುವುದು ಗೊತ್ತಾದರೆ ಚಳಿ ಅನ್ನುವುದು ಒಂದು ಸಂತೆಚೀಟಿಯಷ್ಟೇ.

ನಾನು ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಯವಳು. 2022ರ ಅಕ್ಟೋಬರಿನಿಂದ ಎರಡು ವರ್ಷ ಹಿಮಾಚಲ ಪ್ರದೇಶದ ಧರ್ಮಶಾಲೆಯಲ್ಲಿ ಪತ್ರಿಕೋದ್ಯಮ ಓದಿದೆ. ಹುಬ್ಬಳ್ಳಿಯಿಂದ ದಿಲ್ಲಿಗೆ ರೈಲು, ದಿಲ್ಲಿಯಿಂದ ಇಡೀ ರಾತ್ರಿ ಬಸ್ಸು. ಬೆಳಗ್ಗೆ ಇಳಿದರೆ ಎದುರಿಗೆ ಧೌಲಾಧಾರ್ ಬೆಟ್ಟದ ಸಾಲು. ಊರು ಇರುವುದು ಸುಮಾರು 1,450 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿ ಇದಕ್ಕಿಂತ ಎತ್ತರ, ಸುಮಾರು 1,930 ಮೀಟರ್. ಆದರೆ ಧರ್ಮಶಾಲೆ ಉತ್ತರಕ್ಕೆ ಬಹಳ ದೂರ ಇರುವುದರಿಂದ ಅಲ್ಲಿಯ ಚಳಿಯೇ ಬೇರೆ. ನಮ್ಮೂರಲ್ಲಿ ಡಿಸೆಂಬರ್ ರಾತ್ರಿ 15 ಡಿಗ್ರಿ ಆಸುಪಾಸು ಇದ್ದರೆ ಅಲ್ಲಿ ಜನವರಿ ರಾತ್ರಿ 3-4 ಡಿಗ್ರಿಗೆ ಇಳಿಯುತ್ತದೆ. ಜೊತೆಗೆ ಚಳಿಗಾಲದಲ್ಲೂ ಮಳೆ. ಮೇಲಿನ ಬೆಟ್ಟದಲ್ಲಿ ಹಿಮ ಬಿದ್ದರೆ ಕೆಳಗೆ ನಮಗೆ ಮಳೆ, ಗಾಳಿ.

ಸೀಟು ಸಿಕ್ಕಾಗ ನಮ್ಮ ಸಂಬಂಧಿಕರೊಬ್ಬರು ಪೇಟೆಯ ದೊಡ್ಡ ಅಂಗಡಿಯಲ್ಲಿ ವಿಚಾರಿಸಿ ಒಂದು ಪಟ್ಟಿ ಬರೆದುಕೊಂಡು ಬಂದರು. ದಪ್ಪ ಜರ್ಕಿನ್, ಬೂಟು, ಕೈಗವಸು, ಎಲ್ಲ ಸೇರಿ 18,000 ರೂಪಾಯಿ. ಅಪ್ಪ ಪಟ್ಟಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘ಎರಡು ಕುರಿ ಮಾರಿದ್ರ ಆತು ಬಿಡು’ ಅಂದರು. ಆ ವರ್ಷ ಗೋವಿನಜೋಳಕ್ಕೆ ಮಳೆ ಹೆಚ್ಚಾಗಿತ್ತು. ಕುರಿ ಮಾರಿದರೆ ಮುಂದಿನ ಫೀಸಿಗೆ ಏನು ಮಾರುವುದು ಅನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.

ಅದೇ ವಿಶ್ವವಿದ್ಯಾಲಯದಲ್ಲಿ ಎರಡನೇ ವರ್ಷದಲ್ಲಿದ್ದ ಧಾರವಾಡ ಕಡೆಯ ಅಕ್ಕ ಒಬ್ಬರ ನಂಬರ್ ಸಿಕ್ಕಿತ್ತು. ಫೋನ್ ಮಾಡಿದೆ. ಅವರು ಹೇಳಿದ್ದು ಇಷ್ಟೇ: ‘ಊರಾಗ ಏನೂ ತಗೋಬ್ಯಾಡ. ನೀ ಬರೋದು ಅಕ್ಟೋಬರ್‌ದಾಗ, ಆಗ ಇಲ್ಲಿ ಹಗಲು ಛಲೋ ಬಿಸಿಲಿರತೈತಿ. ರೇನ್‌ಕೋಟ್ ಒಂದು, ಹೊದೆಯಾಕ ಒಂದು ತಗೊಂಡು ಬಾ. ಉಳಿದದ್ದು ಇಲ್ಲೇ ನೋಡಿ ತಗೊಳ್ಳೋಣ. ಒಂದು ದಪ್ಪಂದು ತಗೊಳ್ಳೋದಕ್ಕಿಂತ ಮೂರು ತೆಳುವಂದು ಛಲೋ.’

ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ ಅವ್ವ ಥಟ್ಟನೆ ಅಂದಳು: ‘ಹಂಗಾದ್ರ ಅದು ಕೌದಿ ಇದ್ದಂಗ ಅಲ್ಲೇನು?’

ಚಳಿಯ ಬಟ್ಟೆಯ ಬಗ್ಗೆ ಆಮೇಲೆ ನಾನು ಎಷ್ಟು ಓದಿದರೂ, ಎಷ್ಟು ಜನರನ್ನು ಕೇಳಿದರೂ, ಅವ್ವನ ಆ ಮಾತಿಗಿಂತ ಚೆನ್ನಾಗಿ ಯಾರೂ ಹೇಳಲಿಲ್ಲ.

ಕೌದಿಯಲ್ಲಿ ಏನಿದೆ? ಹಳೆಯ ಸೀರೆ, ಧೋತರ, ಅಂಗಿಯ ತುಂಡು. ಒಂದೊಂದೇ ನೋಡಿದರೆ ಗಾಳಿಗೆ ಹಾರುವಷ್ಟು ತೆಳು. ಆದರೆ ನಾಲ್ಕೈದು ಪದರ ಸೇರಿಸಿ ಹೊಲಿಗೆ ಹಾಕಿದರೆ ಮಾಗಿಯ ಚಳಿ ಒಳಗೆ ಬರುವುದಿಲ್ಲ. ಯಾಕೆಂದರೆ ಬಟ್ಟೆ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಬಿಸಿ ನಮ್ಮ ಮೈಯದ್ದು. ಬಟ್ಟೆಯ ಕೆಲಸ ಆ ಬಿಸಿಯನ್ನು ಹೊರಗೆ ಬಿಡದೆ ಹಿಡಿಯುವುದು. ಹಿಡಿಯುವುದು ಕೂಡ ಬಟ್ಟೆಯಲ್ಲ, ಪದರಗಳ ನಡುವೆ ಅಲುಗಾಡದೆ ನಿಂತ ಗಾಳಿ. ಪದರ ಹೆಚ್ಚಾದಷ್ಟು ನಿಂತ ಗಾಳಿ ಹೆಚ್ಚು.

ಇದು ಗೊತ್ತಾದ ಮೇಲೆ ಅಂಗಡಿಯಲ್ಲಿ ಕೇಳಬೇಕಾದದ್ದು ‘ಇದು ಎಷ್ಟು ದಪ್ಪ’ ಅಂತಲ್ಲ. ಮೂರು ಪ್ರಶ್ನೆ ಸಾಕು. ಮೈಗೆ ಅಂಟುವ ಬಟ್ಟೆ ಬೆವರನ್ನು ಏನು ಮಾಡುತ್ತದೆ? ನಡುವಿನ ಬಟ್ಟೆ ಎಷ್ಟು ಗಾಳಿ ಹಿಡಿಯುತ್ತದೆ? ಮೇಲಿನ ಬಟ್ಟೆ ಹೊರಗಿನ ಗಾಳಿ, ಮಳೆ ತಡೆಯುತ್ತದೆಯೇ?

ಮೊದಲನೆಯದು ಒಳಗಿನ ಪದರ. ಚಳಿಯಲ್ಲೂ ಬೆವರುತ್ತೇವೆ. ಧರ್ಮಶಾಲೆ ಎಲ್ಲ ಏರು, ಇಳಿಜಾರು. ಬಸ್ ಸ್ಟ್ಯಾಂಡಿನಿಂದ ರೂಮಿಗೆ ಹತ್ತುವಷ್ಟರಲ್ಲಿ ಬೆನ್ನು ಒದ್ದೆ. ನಮ್ಮ ಹತ್ತಿ ಬಟ್ಟೆ ಬೇಸಿಗೆಗೆ ಬಂಗಾರ, ಆದರೆ ಇಲ್ಲಿ ಬೆವರು ಕುಡಿದು ಹಾಗೇ ಒದ್ದೆಯಾಗಿ ಉಳಿಯುತ್ತದೆ. ಕೂತ ಮೇಲೆ ಆ ಒದ್ದೆಯೇ ಮೈಯ ಬಿಸಿ ಎಳೆಯುತ್ತದೆ. ಅದಕ್ಕೆ ಮೈಗೆ ಅಂಟಿಕೊಳ್ಳುವ, ಬೇಗ ಒಣಗುವ ಥರ್ಮಲ್ ಬೇಕು. ಉತ್ತರದವರು ಇದಕ್ಕೆ ಇನ್ನರ್ ಅನ್ನುತ್ತಾರೆ. ಚೂಡಿದಾರದ ಒಳಗೆ ಹಾಕಿದರೆ ಹೊರಗೆ ಕಾಣುವುದೂ ಇಲ್ಲ. ಎರಡು ಜೊತೆ ಸಾಕು, ಆದರೆ ಎರಡು ಬೇಕೇ ಬೇಕು. ಮೋಡ ಮುಸುಕಿದರೆ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ.

ಎರಡನೆಯದು ನಡುವಿನ ಪದರ. ಸ್ವೆಟರ್, ಉಣ್ಣೆಯ ಶಾಲು, ಇಲ್ಲವೇ ಫ್ಲೀಸ್ ಅನ್ನುವ ಮೆತ್ತನೆಯ ಜುಂಜಿನ ಬಟ್ಟೆ. ಇಲ್ಲಿ ಉಣ್ಣೆಗೆ ಒಂದು ವಿಶೇಷ ಗುಣ ಇದೆ. ತನ್ನ ತೂಕದ ಹೆಚ್ಚುಕಡಿಮೆ ಮೂರನೇ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ನಮ್ಮಜ್ಜ ಜಡಿಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಇಡೀ ದಿನ ಕುರಿ ಹಿಂದೆ ನಿಲ್ಲುತ್ತಿದ್ದ. ಹೊರಗೆ ನೀರು ಇಳಿಯುತ್ತಿದ್ದರೂ ಒಳಗೆ ಬೆಚ್ಚಗೆ ಇರುತ್ತಿದ್ದ.

ಸ್ವೆಟರ್ ವಿಷಯದಲ್ಲಿ ನನಗೆ ಪಾಠ ಹೇಳಿದವರು ಧರ್ಮಶಾಲೆಯ ಕೋತ್ವಾಲಿ ಬಜಾರಿನಲ್ಲಿ ಅಂಗಡಿ ಇಟ್ಟಿದ್ದ ಟಿಬೆಟಿನ ಹೆಂಗಸು. ನಾನು ಹಿಂದಿಯಲ್ಲಿ ತಡವರಿಸುವುದನ್ನು ನೋಡಿ ಅವರು ‘ಯಾವೂರವ್ವಾ ನಿಂದು?’ ಅಂದರು. ಹೌದು, ಕನ್ನಡದಲ್ಲಿ. ಹುಟ್ಟಿ ಬೆಳೆದದ್ದು ಮುಂಡಗೋಡಿನ ಟಿಬೆಟನ್ ಕ್ಯಾಂಪಿನಲ್ಲಿ. ದಲೈ ಲಾಮಾ 1959ರಲ್ಲಿ ಭಾರತಕ್ಕೆ ಬಂದ ಮೇಲೆ ಅವರ ಜನಕ್ಕೆ ನಮ್ಮ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ಜಾಗ ಸಿಕ್ಕಿತು. ಧರ್ಮಶಾಲೆ ದಲೈ ಲಾಮಾ ಇರುವ ಊರು. ಹೀಗಾಗಿ ಎರಡೂ ಕಡೆ ಓಡಾಟ ಇದ್ದೇ ಇದೆ. ಚಳಿಗಾಲದಲ್ಲಿ ಹುಬ್ಬಳ್ಳಿಯ ರಸ್ತೆ ಬದಿ ಡೇರೆ ಹಾಕಿ ಸ್ವೆಟರ್ ಮಾರುವ ಟಿಬೆಟಿನವರನ್ನು ನೀವೂ ನೋಡಿರುತ್ತೀರಿ. ಇವರೂ ಅಲ್ಲಿ ಹಲವು ವರ್ಷ ಮಾರಿದವರು.

‘ಇಲ್ಲಿ ತೂಗು ಹಾಕಿದ್ದರಲ್ಲಿ ಬಹಳಷ್ಟು ಲುಧಿಯಾನದ ಮಾಲು. ಆಕ್ರಿಲಿಕ್. ಕುರಿ ಉಣ್ಣೆ ಅಲ್ಲ. ಅದೂ ಬೆಚ್ಚಗೇ ಇರುತ್ತೆ, ಕೊಳ್ಳಬೇಡ ಅನ್ನಲ್ಲ. ಆದರೆ ಉಣ್ಣೆ ಅಂತ ಹೇಳಿ ಉಣ್ಣೆ ರೇಟು ಕೇಳಿದರೆ ಕೊಡಬೇಡ’ ಅಂದರು. ಗುರುತು ಹಿಡಿಯುವುದನ್ನೂ ತೋರಿಸಿದರು. ಅಂಚಿನ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಹಿಡಿದರೆ ನಿಜವಾದ ಉಣ್ಣೆ ಸುಟ್ಟ ಕೂದಲಿನ ವಾಸನೆ ಬರುತ್ತದೆ, ಬೆರಳಲ್ಲಿ ಒತ್ತಿದರೆ ಬೂದಿಯಾಗಿ ಉದುರುತ್ತದೆ. ಆಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕುರಿ ಸಾಕಿದ ಮನೆಯ ನನಗೆ ಆ ವಾಸನೆ ಗುರುತಿಸಲು ಕಷ್ಟವಾಗಲಿಲ್ಲ. ಆ ಬಜಾರಿನಲ್ಲೇ ರಸ್ತೆ ಬದಿಯ ಹಳೇ ಬಟ್ಟೆಯ ರಾಶಿಯಲ್ಲಿ 300 ರೂಪಾಯಿಗೆ ಅಪ್ಪಟ ಉಣ್ಣೆಯ ತುಂಬುತೋಳಿನ ಸ್ವೆಟರ್ ಸಿಕ್ಕಿತು. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಶಾಂಪೂ ಹಾಕಿ ನೆನೆಸಿ, ಹಿಂಡದೆ ಒತ್ತಿ ನೀರು ತೆಗೆದು, ಚಾಪೆಯ ಮೇಲೆ ಹರವಿ ಒಣಗಿಸಿದೆ. ಉಣ್ಣೆಯನ್ನು ಕುದಿಯುವ ನೀರಿಗೆ ಹಾಕಿದರೆ ಕುಗ್ಗುತ್ತದೆ, ತೂಗು ಹಾಕಿದರೆ ಜೋಲುತ್ತದೆ.

ಮೂರನೆಯದು ಮೇಲಿನ ಪದರ. ಇದರ ಕೆಲಸ ಗಾಳಿ ತಡೆಯುವುದು. ಎಂಥ ಸ್ವೆಟರ್ ಇದ್ದರೂ ಹೆಣಿಗೆಯ ಸಂದಿಯಿಂದ ಗಾಳಿ ನುಗ್ಗಿದರೆ ಒಳಗೆ ನಿಂತ ಬಿಸಿ ಗಾಳಿ ಹಾರಿಹೋಗುತ್ತದೆ. ಅದಕ್ಕೆ ನೇಯ್ಗೆ ಬಿಗಿಯಾದ, ತಲೆಗೆ ಟೊಪ್ಪಿಗೆ ಇರುವ ಜರ್ಕಿನ್ ಬೇಕು. ನೋಡುವ ವಿಧಾನ ಸುಲಭ. ಬಟ್ಟೆಗೆ ಬಾಯಿ ಹಚ್ಚಿ ಜೋರಾಗಿ ಊದಿ. ಆ ಕಡೆ ಅಂಗೈಗೆ ಉಸಿರು ತಗುಲಿದರೆ ಬೇಡ. ಮೊಣಕಟ್ಟು, ಸೊಂಟ, ಕುತ್ತಿಗೆ ಮುಚ್ಚುವ ಹಾಗಿರಬೇಕು. ಒಳಗೆ ಎರಡು ಪದರ ಹಿಡಿಸಲು ಒಂದು ಅಳತೆ ದೊಡ್ಡದೇ ತೆಗೆದುಕೊಳ್ಳಿ. ಬಿಗಿಯಾದರೆ ಒಳಗಿನ ಗಾಳಿ ಹಿಸುಕಿಹೋಗಿ ಪದರ ಹಾಕಿದ್ದೂ ದಂಡ. ಮಳೆ ಬಂದರೆ ಇದರ ಮೇಲೆ ಊರಿನಿಂದ ಒಯ್ದ ರೇನ್‌ಕೋಟ್.

ಸೊಂಟ ಕಟ್ಟುವ ಗುಟ್ಟು ನನಗೆ ಅರ್ಥವಾದದ್ದು ಅಲ್ಲಿಯ ಕುರಿಗಾಹಿಗಳನ್ನು ನೋಡಿ. ಅವರಿಗೆ ಗದ್ದಿ ಅನ್ನುತ್ತಾರೆ. ಬೇಸಿಗೆಯಲ್ಲಿ ಕುರಿ, ಮೇಕೆ ಹೊಡೆದುಕೊಂಡು ಧೌಲಾಧಾರ್ ಕಣಿವೆ ದಾಟಿ ಮೇಲಿನ ಹುಲ್ಲುಗಾವಲಿಗೆ ಹೋಗುತ್ತಾರೆ, ಚಳಿಗಾಲಕ್ಕೆ ಕೆಳಗಿನ ಗುಡ್ಡಗಳಿಗೆ ಇಳಿಯುತ್ತಾರೆ. ಅವರ ಉಣ್ಣೆಯ ನಿಲುವಂಗಿಗೆ ಚೋಲಾ ಅಂತ ಹೆಸರು. ಅದರ ಮೇಲೆ ಸೊಂಟಕ್ಕೆ ಡೋರಾ ಅನ್ನುವ ಕರಿ ಉಣ್ಣೆಯ ಹಗ್ಗವನ್ನು ಹಲವು ಸುತ್ತು ಸುತ್ತಿಕೊಳ್ಳುತ್ತಾರೆ. ಹಾಗೆ ಸುತ್ತಿದರೆ ಒಳಗಿನ ಬಿಸಿ ಕೆಳಗಿನಿಂದ ಸೋರುವುದಿಲ್ಲ. ಹಗ್ಗದ ಮೇಲೆ ಜೋಲುವ ಅಂಗಿಯ ಮಡಿಕೆಯಲ್ಲಿ ಹುಟ್ಟಿದ ಮರಿಯನ್ನೂ ಇಟ್ಟುಕೊಂಡು ನಡೆಯುತ್ತಾರೆ. ನಮ್ಮಜ್ಜ ಕಂಬಳಿಯ ಮಡಿಲಲ್ಲಿ ಮರಿ ಹೊತ್ತು ಬರುತ್ತಿದ್ದದ್ದು ನೆನಪಾಯಿತು.

ನಾನಿದ್ದ ಬಾಡಿಗೆ ರೂಮಿನ ಮನೆಯ ಅಜ್ಜಿಯೂ ಗದ್ದಿ. ಊರಿನಿಂದ ನಾನು ಅಜ್ಜನ ಕರಿ ಕಂಬಳಿ ಒಯ್ದಿದ್ದೆ. ಮೆಡ್ಲೇರಿಯ ಕಡೆ ನೇಯ್ದದ್ದು, ಚುಚ್ಚುತ್ತದೆ. ಬಿಸಿಲಿಗೆ ಹಾಕಿದ್ದಾಗ ಅಜ್ಜಿ ಬಂದು ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ‘ನಿಮ್ಮ ಕಡೆಯ ಕುರಿಯದಾ?’ ಅಂತ ಕೇಳಿದರು. ಹೌದು ಅಂದೆ. ‘ಒರಟು ಇದೆ. ಹೊದೆಯಬೇಡ, ಹಾಸಿಕೋ. ನೆಲದ ಚಳಿ ಮೇಲಿನದಕ್ಕಿಂತ ಕೆಟ್ಟದ್ದು’ ಅಂದರು. ಅಂದಿನಿಂದ ಗಾದಿಯ ಕೆಳಗೆ ಕಂಬಳಿ, ಮೇಲೆ ರಜಾಯಿ. ರಜಾಯಿ ಅಂದರೆ ಹತ್ತಿ ತುಂಬಿದ ದಪ್ಪ ಹೊದಿಕೆ. ಅಲ್ಲಿ ಚಳಿಗಾಲ ಬರುವ ಮುಂಚೆ ಅದರ ಹತ್ತಿಯನ್ನು ತೆಗೆದು ಹಿಂಜಿಸಿ ಮತ್ತೆ ತುಂಬಿಸುತ್ತಾರೆ, ನಮ್ಮಲ್ಲಿ ಪಿಂಜಾರರು ಗಾದಿಗೆ ಮಾಡುವ ಹಾಗೆ. ಗಂಟುಕಟ್ಟಿದ ಹತ್ತಿಯಲ್ಲಿ ಗಾಳಿ ಇರುವುದಿಲ್ಲ, ಉಬ್ಬಿದ ಹತ್ತಿಯಲ್ಲಿ ಇರುತ್ತದೆ. ಮತ್ತೆ ಅದೇ ಕೌದಿಯ ಲೆಕ್ಕ.

ಕಾಲಿನ ವಿಷಯ ಬೇರೆಯಾಗಿ ಹೇಳಬೇಕು. ಚಳಿ ಅಂತ ಇಕ್ಕಟ್ಟಿನ ಬೂಟಿನೊಳಗೆ ಎರಡೆರಡು ಸಾಕ್ಸ್ ತುರುಕಿದರೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ರಕ್ತ ಸರಿಯಾಗಿ ಓಡುವುದಿಲ್ಲ, ಗಾಳಿಗೂ ಜಾಗ ಇಲ್ಲ. ಬೂಟು ಕೊಳ್ಳಲು ಹೋಗುವಾಗಲೇ ಉಣ್ಣೆಯ ಸಾಕ್ಸ್ ಹಾಕಿಕೊಂಡು ಹೋಗಿ, ಬೆರಳು ಆಡುವಷ್ಟು ಸಡಿಲ ಇರುವುದನ್ನು ಆರಿಸಿ. ಮಲಗುವಾಗ ದಿನವಿಡೀ ಹಾಕಿದ ಸಾಕ್ಸ್ ತೆಗೆದು ಒಣಗಿದ್ದನ್ನು ಹಾಕಿಕೊಳ್ಳಿ. ಕಿವಿ ಮುಚ್ಚುವ ಟೋಪಿ, ಕೈಗವಸು ತಪ್ಪಿಸಬೇಡಿ. ಮಳೆಯ ದಿನ ಜೀನ್ಸ್ ಬೇಡ. ಅದೂ ಹತ್ತಿಯೇ. ಒಮ್ಮೆ ನೆಂದರೆ ಸಂಜೆಯ ತನಕ ಕಾಲಿಗೆ ತಣ್ಣೀರು ಪಟ್ಟಿ ಕಟ್ಟಿದ ಹಾಗೆ.

ನಮ್ಮ ಕ್ಲಾಸಿನಲ್ಲಿ ದಕ್ಷಿಣದಿಂದ ಬಂದ ಇನ್ನೊಬ್ಬಳಿದ್ದಳು. ಅವಳ ಮನೆಯವರು ಪ್ರೀತಿಯಿಂದ ತುಂಬಾ ದುಬಾರಿಯ, ಮಂಚದ ಗಾದಿಯಷ್ಟು ದಪ್ಪದ ಜರ್ಕಿನ್ ಕೊಡಿಸಿದ್ದರು. ಒಳಗೆ ಬರೀ ಟೀ ಶರ್ಟ್. ಬೆಳಗ್ಗೆ ಏರು ಹತ್ತುವಾಗ ಬೆವರಿ ತೊಪ್ಪೆಯಾಗುತ್ತಿದ್ದಳು. ಕ್ಲಾಸಿನಲ್ಲಿ ತೆಗೆದರೆ ನಡುಕ, ಹಾಕಿದರೆ ಬರೆಯಲು ಕೈ ಆಡದು. ಮಧ್ಯಾಹ್ನದ ಬಿಸಿಲಿಗೆ ಅದನ್ನು ಹೊರುವುದೇ ಒಂದು ಕೆಲಸ. ನಾನು ಆ ಹೊತ್ತಿಗೆ ಸ್ವೆಟರ್ ತೆಗೆದು ಚೀಲಕ್ಕೆ ಹಾಕಿ, ಸಂಜೆ ಮತ್ತೆ ಹಾಕಿಕೊಳ್ಳುತ್ತಿದ್ದೆ. ಪದರದ ಅನುಕೂಲ ಅದು. ಹೊತ್ತಿಗೆ ತಕ್ಕ ಹಾಗೆ ಕೂಡಿಸಬಹುದು, ಕಳೆಯಬಹುದು.

ಈಗ ಖರ್ಚು. ನನ್ನ ಡೈರಿಯಲ್ಲಿ ಬರೆದಿಟ್ಟದ್ದು ಹೀಗಿದೆ. ಥರ್ಮಲ್ ಎರಡು ಜೊತೆ 900 ರೂಪಾಯಿ. ಹಳೇ ಉಣ್ಣೆ ಸ್ವೆಟರ್ 300. ಫ್ಲೀಸ್ 450. ಟೊಪ್ಪಿಗೆಯ ಜರ್ಕಿನ್ 1,100. ಉಣ್ಣೆ ಸಾಕ್ಸ್ ಮೂರು ಜೊತೆ 300. ಟೋಪಿ, ಕೈಗವಸು 250. ಬೂಟು 900. ಒಟ್ಟು 4,200. ರಜಾಯಿಗೆ ಬೇರೆ 1,200. ಎಲ್ಲ ಸೇರಿ 5,400. ಇದನ್ನೂ ಒಂದೇ ದಿನ ಕೊಳ್ಳಲಿಲ್ಲ. ಅಕ್ಟೋಬರಿನಲ್ಲಿ ಥರ್ಮಲ್ ಮತ್ತು ಸ್ವೆಟರ್, ನವೆಂಬರಿನಲ್ಲಿ ಜರ್ಕಿನ್, ರಜಾಯಿ, ಬೂಟು, ಡಿಸೆಂಬರಿನಲ್ಲಿ ಉಳಿದದ್ದು. ಚಳಿ ಏರಿದಂತೆ ಪದರ ಏರಿತು. ರೇಟು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಆದರೆ ಕ್ರಮ ಇದೇ. ನಮ್ಮ ಕುರಿ ಎರಡೂ ಹಟ್ಟಿಯಲ್ಲೇ ಉಳಿದವು. ಮುಂದಿನ ಸೆಮಿಸ್ಟರ್ ಫೀಸು ತುಂಬುವಾಗ ಅಪ್ಪ ಮಾರಿದರು.

ಬಟ್ಟೆಗೆ ದುಡ್ಡು ಇಡಲೇಬೇಕು ಅನ್ನಲು ಇನ್ನೊಂದು ಕಾರಣ ಇದೆ. ಉತ್ತರದ ಊರುಗಳಲ್ಲಿ ಬಾಡಿಗೆ ರೂಮುಗಳಿಗೆ ಬಿಸಿ ಮಾಡುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಹೊರಗೆ ಎಷ್ಟು ಚಳಿಯೋ ರೂಮಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಬಟ್ಟೆ ಸಾಲದವರು ಇದ್ದಿಲ ಅಗ್ಗಿಷ್ಟಿಕೆ ಹೊತ್ತಿಸಿ, ಬಾಗಿಲು ಕಿಟಕಿ ಮುಚ್ಚಿ ಮಲಗುತ್ತಾರೆ. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಪ್ರತಿ ಚಳಿಗಾಲ ಉತ್ತರದ ಪತ್ರಿಕೆಗಳಲ್ಲಿ ಇಂಥ ಸಾವಿನ ಸುದ್ದಿ ಬರುತ್ತದೆ. ಮಕ್ಕಳನ್ನು ಕಳಿಸುವವರು ಇದೊಂದು ಮಾತನ್ನು ಖಡಾಖಂಡಿತ ಹೇಳಿ ಕಳಿಸಿ: ಮುಚ್ಚಿದ ಕೋಣೆಯಲ್ಲಿ ಇದ್ದಿಲು ಬೇಡ. ಅದರ ಬದಲು ಇನ್ನೊಂದು ಪದರ ಬಟ್ಟೆ, ಮಲಗುವ ಮುಂಚೆ ರಜಾಯಿಯೊಳಗೆ ಬಿಸಿನೀರಿನ ಚೀಲ.

ದಿಲ್ಲಿ, ಪಂಜಾಬಿಗೆ ಹೋಗುವವರಿಗೂ ಲೆಕ್ಕ ಇದೇ. ಅಲ್ಲಿ ಬೆಟ್ಟ ಇಲ್ಲ, ಮಂಜು ಇದೆ. ಜನವರಿಯಲ್ಲಿ ಕೆಲವು ದಿನ ಮಧ್ಯಾಹ್ನದವರೆಗೂ ಸೂರ್ಯ ಕಾಣುವುದಿಲ್ಲ. ಜರ್ಮನಿ, ಕೆನಡಾದಂಥ ದೇಶಕ್ಕೆ ಹೋಗುವವರಿಗೆ ಒಂದು ವ್ಯತ್ಯಾಸ. ಅಲ್ಲಿ ಮನೆ, ಕ್ಲಾಸು, ಬಸ್ಸು ಎಲ್ಲ ಒಳಗೆ ಬೆಚ್ಚಗಿರುತ್ತವೆ, ಹೊರಗೆ ಮಾತ್ರ ಸೊನ್ನೆಗಿಂತ ಕೆಳಗೆ. ಹಾಗಾಗಿ ಒಳಗಿನದು ತೆಳುವಾಗಿ, ಮೇಲಿನ ಕೋಟು ಮತ್ತು ಬೂಟು ಗಟ್ಟಿಯಾಗಿ ಇರಬೇಕು. ಆ ಎರಡನ್ನು ಆ ದೇಶದ ಚಳಿಗೇ ಮಾಡಿರುತ್ತಾರೆ, ಅಲ್ಲಿಯೇ ಕೊಳ್ಳುವುದು ಜಾಣತನ.

ಹೆಣ್ಣುಮಕ್ಕಳ ಅಪ್ಪ ಅವ್ವಂದಿರಿಗೆ ನನ್ನದೊಂದು ಮಾತು. ಕಳಿಸುವ ಮುಂಚೆ ಕೇಳಬೇಕಾದ್ದು ಬಹಳ ಇದೆ. ಫೀಸು ಎಷ್ಟು, ಸ್ಕಾಲರ್‌ಶಿಪ್ ಬರುತ್ತದೆಯೇ, ಉಳಿಯುವ ಜಾಗ ಹೇಗಿದೆ, ರಾತ್ರಿ ಬಸ್ಸು ಇಳಿದರೆ ಕರೆದೊಯ್ಯಲು ಯಾರಿದ್ದಾರೆ. ಕೇಳಿ, ತಪ್ಪಿಲ್ಲ. ಆದರೆ ಆ ಪಟ್ಟಿಯಿಂದ ಚಳಿಯನ್ನು ಹೊಡೆದುಹಾಕಿ. ಅದಕ್ಕೆ ಬೇಕಾದ ಬುದ್ಧಿ ನಿಮ್ಮ ಮನೆಯ ಕೌದಿ, ಕಂಬಳಿಯಲ್ಲಿ ಎಂದಿನಿಂದಲೂ ಇದೆ. ಬೇಕಾದ ದುಡ್ಡು ಒಂದು ಕುರಿಯಷ್ಟೂ ಇಲ್ಲ.

ಓದು ಮುಗಿಸಿ ಹೊರಡುವಾಗ ನನ್ನ ಜರ್ಕಿನ್, ರಜಾಯಿ, ಬೂಟು ಎಲ್ಲವನ್ನೂ ಗದಗ ಕಡೆಯಿಂದ ಆ ವರ್ಷ ಬರಲಿದ್ದ ಹುಡುಗಿಗೆ ಕೊಡಿ ಅಂತ ಮನೆಯ ಅಜ್ಜಿಯ ಹತ್ತಿರ ಇಟ್ಟು ಬಂದೆ. ಅವಳು ಮೊದಲ ಚಳಿಗೆ ಕೊಂಡದ್ದು ಥರ್ಮಲ್ ಮತ್ತು ಸಾಕ್ಸ್ ಮಾತ್ರ. 1,200 ರೂಪಾಯಿ. ಕಂಬಳಿಯನ್ನು ಮಾತ್ರ ನಾನು ವಾಪಸ್ ತಂದೆ. ಈಗ ಅವ್ವ ಅದನ್ನು ಹಾಸಿಕೊಂಡು ಮಲಗುತ್ತಾಳೆ.